‘ಇಂಟರ್‌ನ್ಯಾಷನಲ್ ಜೆಂಡರ್ ಸ್ಪೆಷಲಿಸ್ಟ್’ ಆಗಲು ಹೋಗಿ 48 ಸಾವಿರ ಕಳಕೊಂಡೆ

ನಾನಿರುವುದು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ. ಕುರ್ಲಾದಲ್ಲಿ ಗಾಡಿ ಬದಲಿಸಿ ಗೋವಂಡಿಗೆ ಹೋಗಿ, ಅಲ್ಲಿನ ಬಸ್ತಿಗಳಲ್ಲಿ ಏಳು ವರ್ಷ ಹೆಂಗಸರ ಬಚತ್ ಗಟ್‌ಗಳ (ಸ್ವಸಹಾಯ ಸಂಘಗಳ) ಜೊತೆ ಕೆಲಸ ಮಾಡಿದ್ದೇನೆ. ವಿದೇಶಿ ನೆರವಿನ ಯೋಜನೆಗಳಲ್ಲಿ ಜೆಂಡರ್ ಸ್ಪೆಷಲಿಸ್ಟ್, ಅಂದರೆ ಯೋಜನೆಯಿಂದ ಹೆಣ್ಣಿಗೇನು, ಗಂಡಿಗೇನು ಅಂತ ನೋಡುವವರ ಹುದ್ದೆಗೆ ಅರ್ಜಿ ಹಾಕುವ ಆಸೆ. ಆಗ ಅಂಧೇರಿಯ ಒಂದು ಸಂಸ್ಥೆಯ ಸರ್ಟಿಫಿಕೇಟ್ ಕೋರ್ಸಿನ ಜಾಹೀರಾತು ಕಂಡಿತು. ‘ಈ ಸರ್ಟಿಫಿಕೇಟ್ ಇಲ್ಲದಿದ್ದರೆ ಯುಎನ್ (ವಿಶ್ವಸಂಸ್ಥೆ) ಕೆಲಸ ಸಿಗಲ್ಲ’ ಅಂದರು. ನಂಬಿ 48 ಸಾವಿರ ಕಟ್ಟಿದೆ.

ಆರು ಭಾನುವಾರ ಝೂಮ್ ಕ್ಲಾಸು. ಹೆಂಗಸರ ವಿರುದ್ಧದ ತಾರತಮ್ಯ ತೊಲಗಿಸುವ 1979ರ ಸೀಡಾ ಒಪ್ಪಂದ, 1995ರ ಬೀಜಿಂಗ್ ಮಹಿಳಾ ಸಮ್ಮೇಳನ, ಹೀಗೆ ಬರೀ ಇಸವಿಗಳು. ಕೊನೆಗೆ ಇಪ್ಪತ್ತು ಟಿಕ್ ಹಾಕುವ ಪ್ರಶ್ನೆ. ಎಲ್ಲರೂ ಪಾಸು! ಸರ್ಟಿಫಿಕೇಟಿನ ಮೇಲೆ ನೀಲಿ ಭೂಗೋಳ, ಯುಎನ್ ಲಾಂಛನವನ್ನೇ ಹೋಲುವಂಥದ್ದು. ಸಂಸ್ಥೆಗೆ ‘ಸರ್ಕಾರಿ ನೋಂದಣಿ’ ಇದೆ ಅಂದಿದ್ದರಲ್ಲ, ಅದು ಸಣ್ಣ ಉದ್ಯಮಗಳಿಗೆ ಕೊಡುವ ಉದ್ಯಮ್ ನೋಂದಣಿ. ಅದು ಉಪ್ಪಿನಕಾಯಿ ಮಾಡಿ ಮಾರುವವರಿಗೂ ಸಿಗುತ್ತದೆ.

ಆಮೇಲೆ ಅಂಥದೇ ಒಂದು ಹುದ್ದೆಯ ಇಂಟರ್‌ವ್ಯೂನಲ್ಲಿ, ನೀರಿನ ಯೋಜನೆಗೆ ಜೆಂಡರ್ ವಿಶ್ಲೇಷಣೆ ಹೇಗೆ ಶುರು ಮಾಡುತ್ತೀರಿ ಎಂದು ಕೇಳಿದರು. ನಾನು ಬೀಜಿಂಗ್ ಪಾಠ ಒಪ್ಪಿಸಿದೆ. ಮೇಡಂ ತಡೆದು, ‘ಅದಿರಲಿ, ಗೋವಂಡಿಯಲ್ಲಿ ನೀರು ಯಾರು ತರುತ್ತಾರೆ? ಟ್ಯಾಂಕರ್ ದುಡ್ಡು ಕೊಡುವುದನ್ನು ಯಾರು ತೀರ್ಮಾನ ಮಾಡುತ್ತಾರೆ?’ ಅಂದರು. ಅಯ್ಯೋ, ಇದು ನನಗೆ ಗೊತ್ತಿದ್ದದ್ದೇ! ಕೊಡ ಹಿಡಿದು ನಿಲ್ಲುವ ಹುಡುಗಿಯರು ಶಾಲೆಗೆ ತಡವಾಗುವುದನ್ನು ದಿನಾ ನೋಡಿದವಳು ನಾನು. ಆದರೆ ಅದೆಲ್ಲ ‘ಇಂಟರ್‌ನ್ಯಾಷನಲ್’ ಅಲ್ಲ ಅಂತ ಆ ಕ್ಲಾಸು ತಲೆಗೆ ತುಂಬಿಬಿಟ್ಟಿತ್ತು. ತೊದಲಿದೆ.

ಆಮೇಲೆ ಅವರೇ ಹೇಳಿದರು. ಡಾಕ್ಟರಿಗೆ, ಸಿಎಗೆ ಇರುವಂಥ ಲೈಸೆನ್ಸ್ ಈ ಕೆಲಸಕ್ಕೆ ಇಲ್ಲ. ನೋಡುವುದು ಓದು, ಎಷ್ಟು ವರ್ಷ ಫೀಲ್ಡಿನಲ್ಲಿದ್ದೀರಿ, ನೀವೇ ಬರೆದ ವರದಿಗಳು ಯಾವುವು, ಇಷ್ಟೇ. ಯುಎನ್ ನೇಮಕಾತಿಯಲ್ಲಿ ಯಾವ ಹಂತದಲ್ಲೂ ಫೀಸ್ ತಗೊಳ್ಳುವುದಿಲ್ಲ. ಪ್ರಾಥಮಿಕ ಪಾಠ ಬೇಕಿದ್ದರೆ ಯುಎನ್ ವಿಮೆನ್ ಸಂಸ್ಥೆಯ ‘ಐ ನೋ ಜೆಂಡರ್’ ಕೋರ್ಸ್ ಆನ್‌ಲೈನಿನಲ್ಲಿ ಪುಕ್ಕಟೆ ಇದೆ. ಮಹಿಳಾ ಅಧ್ಯಯನದಲ್ಲಿ ಎಂಎ ಕಲಿಸುವ ಟಿಸ್ (ಟಾಟಾ ಸಮಾಜ ವಿಜ್ಞಾನ ಸಂಸ್ಥೆ) ಇರುವುದು ದೇವನಾರ್‌ನಲ್ಲಿ, ನಾನು ದಿನಾ ಇಳಿಯುತ್ತಿದ್ದ ಗೋವಂಡಿ ಸ್ಟೇಷನ್ನಿನ ಹತ್ತಿರವೇ. ಅದನ್ನು ಬಿಟ್ಟು ಅಂಧೇರಿಯವರಿಗೆ ದುಡ್ಡು ಕಟ್ಟಿದೆ ನೋಡಿ.

ದುಡ್ಡು ವಾಪಸ್ ಕೇಳಿದರೆ ‘ಸರ್ಟಿಫಿಕೇಟ್ ಕೊಟ್ಟಾಯ್ತಲ್ಲ’ ಅಂದರು. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಮೊನ್ನೆ ಅದೇ ಸಂಸ್ಥೆಯಿಂದ ಮತ್ತೆ ಫೋನು. ‘ಮಾಸ್ಟರ್ ಟ್ರೈನರ್’ ಕೋರ್ಸಿಗೆ ಡಿಸ್ಕೌಂಟ್ ಇದೆಯಂತೆ.