12 ಗುಳಿಯ ಎರಕದ ಪಡ್ಡಿನ ಹೆಂಚು: ಏಳು ತಿಂಗಳು ಬಳಸಿದ ಮೇಲೆ

ಈ ಹೆಂಚನ್ನು ಕೊಂಡ ಮೊದಲ ವಾರದಲ್ಲೇ ವಿಮರ್ಶೆ ಬರೆಯಲು ಕುಳಿತಿದ್ದರೆ, ಇದನ್ನು ಯಾರೂ ಕೊಳ್ಳಬೇಡಿ ಎಂದು ಎರಡು ಸಾಲಿನಲ್ಲಿ ಮುಗಿಸಿಬಿಡುತ್ತಿದ್ದೆ. ಏಳು ತಿಂಗಳು ಕಳೆದಿವೆ. ವಾರಕ್ಕೆ ಎರಡು ಬಾರಿಯಾದರೂ ಒಲೆ ಏರುತ್ತಿರುವ ಇದೇ ಹೆಂಚಿನ ಬಗ್ಗೆ ಈಗ ನನ್ನ ಅಭಿಪ್ರಾಯ ಬೇರೆಯೇ ಆಗಿದೆ. ಎರಕದ ಕಬ್ಬಿಣದ ಪಾತ್ರೆಯನ್ನು ಮೊದಲ ದಿನದ ಪಡ್ಡಿನಿಂದ ಅಳೆಯಬಾರದು ಎಂಬುದು ನಮ್ಮ ಅಜ್ಜಿಯಂದಿರಿಗೆ ಹೇಳಿಕೊಡಬೇಕಾದ ಸಂಗತಿಯಾಗಿರಲಿಲ್ಲ. ಪೆಟ್ಟಿಗೆಯ ಮೇಲೆ ಅಚ್ಚಾದ ಮಾತನ್ನು ನಂಬಿ ಅಡುಗೆಗಿಳಿಯುವ ನಮಗೆ ಅದನ್ನು ಯಾರಾದರೂ ಹೇಳಬೇಕಾಗಿದೆ.

ಬಯಲುಸೀಮೆಯಲ್ಲಿಯೂ ಉತ್ತರ ಕರ್ನಾಟಕದಲ್ಲಿಯೂ ಪಡ್ಡು, ಬೆಂಗಳೂರು ಕೋಲಾರದ ಕಡೆ ಗುಂಡುಪೊಂಗಲು, ಇನ್ನು ಕೆಲವೆಡೆ ಗುಳಿಯಪ್ಪ ಎಂದು ಕರೆಸಿಕೊಳ್ಳುವ ತಿಂಡಿಗೆ ಬೇಕಾದ ಹೆಂಚು ಇದು. ಕರಾವಳಿಯವರು ಇದೇ ಬಗೆಯ ಪಾತ್ರೆಯನ್ನು ಅಪ್ಪದ ಕಾವಲಿ ಎನ್ನುತ್ತಾರೆ ಮತ್ತು ಅದರಲ್ಲಿ ಹೆಚ್ಚಾಗಿ ಸಿಹಿ ಅಪ್ಪವನ್ನೇ ಮಾಡುತ್ತಾರೆ. ನಾನು ಕೊಂಡದ್ದರಲ್ಲಿ ಒಳಸುತ್ತಿನಲ್ಲಿ 3, ಹೊರಸುತ್ತಿನಲ್ಲಿ 9, ಒಟ್ಟು 12 ಗುಳಿಗಳಿವೆ. ನಮ್ಮ ಮನೆಯ ತಕ್ಕಡಿಯಲ್ಲಿ ತೂಕ 2 ಕಿಲೋ 900 ಗ್ರಾಂ ಬಂತು. ಬೆಲೆ 1,350 ರೂಪಾಯಿ. ಇದರ ಜೊತೆಗೆ ಒಂದು ಗಾಜಿನ ಮುಚ್ಚಳವನ್ನೂ, ಪಡ್ಡು ಮಗುಚಲು ಒಂದು ಮರದ ಕಡ್ಡಿಯನ್ನೂ ಕೊಟ್ಟಿದ್ದರು. ತಯಾರಕರ ಹೆಸರನ್ನು ನಾನು ಇಲ್ಲಿ ಬರೆಯುತ್ತಿಲ್ಲ, ಏಕೆಂದರೆ ಮುಂದೆ ಹೇಳುವ ಗುಣದೋಷಗಳಲ್ಲಿ ಬಹುಪಾಲು ಒಂದು ಕಂಪನಿಗೆ ಸೇರಿದವಲ್ಲ, ಈ ಬಗೆಯ ಹೆಂಚಿಗೇ ಸೇರಿದವು.

ಪೆಟ್ಟಿಗೆಯ ಮೇಲೆ, ಇದನ್ನು ಈಗಾಗಲೇ ಪಳಗಿಸಲಾಗಿದೆ, ತೊಳೆದು ನೇರವಾಗಿ ಬಳಸಬಹುದು ಎಂದು ಬರೆದಿತ್ತು. ಆ ಮಾತನ್ನು ನಂಬಿ, ಈರುಳ್ಳಿ ಹಸಿಮೆಣಸಿನಕಾಯಿ ಬೆರೆಸಿದ ಹಿಟ್ಟನ್ನು ಹುಯ್ದ ಮೊದಲ ದಿನ 12ರಲ್ಲಿ ಇಡಿಯಾಗಿ ಎದ್ದು ಬಂದವು 3. ಉಳಿದ 9 ಗುಳಿಗಳನ್ನು ಚಮಚದಿಂದ ಕೆರೆದು, ಸಿಕ್ಕಿದ್ದನ್ನು ಪುಡಿಪುಡಿಯಾಗಿಯೇ ತಟ್ಟೆಗೆ ಹಾಕಿಕೊಂಡು ಉಪ್ಪಿಟ್ಟಿನಂತೆ ತಿಂದೆವು. ತಯಾರಕರು ಬಳಿದು ಕಳಿಸುವ ತೆಳುವಾದ ಎಣ್ಣೆಯ ಪದರವು ದೋಸೆಯ ಕಾವಲಿಯಂತಹ ಸಮತಟ್ಟಾದ ಮೈಗೆ ಹೇಗೋ ಸಾಕಾದೀತು. ಗುಳಿಯಲ್ಲಾದರೆ ಹಿಟ್ಟು ತಳಕ್ಕೂ ಸುತ್ತಲ ಗೋಡೆಗೂ ಒತ್ತಿಕೊಂಡು ಬೇಯುವುದರಿಂದ ಅಷ್ಟು ಪದರ ಸಾಲದು.

ಆಮೇಲೆ ಹಳೆಯ ಕ್ರಮವನ್ನೇ ಹಿಡಿದೆ. ಮೂರು ದಿನ ಅನ್ನ ಬಸಿದ ಗಂಜಿಯನ್ನು ಗುಳಿಗಳಲ್ಲಿ ತುಂಬಿಟ್ಟು, ದಿನಕ್ಕೊಮ್ಮೆ ಚೆಲ್ಲಿ ತೆಂಗಿನ ನಾರಿನಿಂದ ಉಜ್ಜಿ ತೊಳೆದೆ. ನಾಲ್ಕನೆಯ ದಿನ ಹೆಂಚನ್ನು ಒಲೆಯ ಮೇಲಿಟ್ಟು ನೀರಿನ ಪಸೆ ಪೂರ್ತಿ ಆರಿದ ಮೇಲೆ, ಬಟ್ಟೆಯಿಂದ ಶೇಂಗಾ ಎಣ್ಣೆಯನ್ನು ತೀರ ತೆಳುವಾಗಿ ಸವರಿ, ಹೊಗೆಯಾಡುವವರೆಗೆ ಕಾಯಿಸಿ, ಆರಿಸಿ, ಮತ್ತೆ ಸವರಿ ಕಾಯಿಸುವುದನ್ನು ಆರು ಸಲ ಮಾಡಿದೆ. ಬಿಸಿಗೆ ಎಣ್ಣೆಯು ತನ್ನ ಜಿಡ್ಡುತನವನ್ನು ಕಳೆದುಕೊಂಡು ಕಬ್ಬಿಣಕ್ಕೆ ಅಂಟಿದ ಗಟ್ಟಿ ಪದರವಾಗಿ ಮಾರ್ಪಡುತ್ತದೆ, ಪಳಗುವುದೆಂದರೆ ಇದೇ. ಎಣ್ಣೆ ಹೆಚ್ಚು ಸುರಿದರೆ ಬೇಗ ಪಳಗುತ್ತದೆಂದು ಭಾವಿಸುವವರಿದ್ದಾರೆ, ಆದರೆ ದಪ್ಪಗೆ ನಿಂತ ಎಣ್ಣೆ ಗಟ್ಟಿಯಾಗದೆ ಅಂಟಂಟಾಗಿ ಉಳಿದು ಇನ್ನಷ್ಟು ತೊಂದರೆ ಕೊಡುತ್ತದೆ. ಮೊದಲ ನಾಲ್ಕೈದು ಬಾರಿ ಈರುಳ್ಳಿಯಿಲ್ಲದ ಸಾದಾ ಹಿಟ್ಟನ್ನೇ ಹುಯ್ಯಬೇಕು. ಈರುಳ್ಳಿಯ ಸಿಹಿ ಅಂಶ ಕರಗಿ ಗುಳಿಗೆ ಕಚ್ಚಿಕೊಳ್ಳುವುದರಿಂದ, ಪಳಗದ ಹೆಂಚಿನಲ್ಲಿ ಮೊದಲು ಕೈಕೊಡುವುದು ಅದೇ. ಬೆಲ್ಲ ಹಾಕಿದ ಅಪ್ಪದ ಆಸೆಯನ್ನಂತೂ ಒಂದು ತಿಂಗಳು ಮುಂದಕ್ಕೆ ಹಾಕುವುದು ಒಳ್ಳೆಯದು. ನಮ್ಮಲ್ಲಿ ಸುಮಾರು ಹತ್ತನೆಯ ಬಾರಿಯ ಹೊತ್ತಿಗೆ ಪಡ್ಡು ತಾನಾಗಿಯೇ ಅಂಚು ಬಿಡಲು ಆರಂಭಿಸಿತು. ಮೂರನೆಯ ತಿಂಗಳಿನಿಂದ ಈಚೆಗೆ ಪ್ರತಿ ಗುಳಿಗೆ ನಾಲ್ಕೈದು ಹನಿಗಿಂತ ಹೆಚ್ಚು ಎಣ್ಣೆ ಬೇಕಾಗಿಲ್ಲ.

ಪಳಗಿದ ಹೆಂಚಿನ ಪಡ್ಡು ಹೇಗಿರುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಇಷ್ಟೆಲ್ಲ ಪಾಡುಪಡುವುದು ಅದಕ್ಕಾಗಿ. ಹೊರಗಿನ ಸಿಪ್ಪೆ ತೆಳುವಾಗಿ, ಎಲ್ಲ ಕಡೆಯೂ ಒಂದೇ ಸಮನಾದ ಜೇನುಬಣ್ಣಕ್ಕೆ ತಿರುಗಿ, ಬೆರಳಿನಿಂದ ಒತ್ತಿದರೆ ಸಣ್ಣಗೆ ಸದ್ದು ಮಾಡುತ್ತದೆ. ಒಳಗೆ ಇಡ್ಲಿಗಿಂತ ಮೃದುವಾದ, ಸಣ್ಣ ಸಣ್ಣ ತೂತುಗಳಿರುವ ತಿರುಳು. ಹಿಂದೆ ನಮ್ಮಲ್ಲಿದ್ದ ನಾನ್‌ಸ್ಟಿಕ್ ಹೆಂಚಿನಲ್ಲಿ ಸುಲಭವಾಗಿ ಏಳುತ್ತಿದ್ದ ಪಡ್ಡಿಗೆ ಈ ಸಿಪ್ಪೆ ಬರುತ್ತಲೇ ಇರಲಿಲ್ಲ. ಆ ಹೆಂಚು ತೆಳುವಾಗಿದ್ದು, ತಣ್ಣನೆಯ ಹಿಟ್ಟು ಬಿದ್ದ ಕೂಡಲೇ ಬಿಸಿ ಕಳೆದುಕೊಳ್ಳುತ್ತಿತ್ತು. ದಪ್ಪ ಕಬ್ಬಿಣವು ಕೂಡಿಟ್ಟುಕೊಂಡ ಶಾಖವನ್ನು ಅಷ್ಟು ಬೇಗ ಬಿಟ್ಟುಕೊಡುವುದಿಲ್ಲ, ಆದ್ದರಿಂದ ಹಿಟ್ಟು ತಾಗಿದ ಕ್ಷಣದಲ್ಲೇ ಸಿಪ್ಪೆ ಕಟ್ಟಲು ತೊಡಗುತ್ತದೆ.

ಆದರೆ ಕಬ್ಬಿಣಕ್ಕೆ ಒಂದು ಸೋಮಾರಿತನವಿದೆ. ಅಲ್ಯೂಮಿನಿಯಂನಲ್ಲಿ ಹರಡುವಷ್ಟು ಬೇಗ ಅದರಲ್ಲಿ ಶಾಖ ಹರಡುವುದಿಲ್ಲ. ಮನೆಯ ಗ್ಯಾಸ್ ಒಲೆಯ ಸಣ್ಣ ಬರ್ನರಿನ ಮೇಲೆ ಇಟ್ಟರೆ ಒಳಸುತ್ತಿನ 3 ಗುಳಿಗಳು ಕೆಂಪಾಗಿ ಕರಿಯಾಗುವ ಹೊತ್ತಿಗೆ ಹೊರಸುತ್ತಿನವು ಇನ್ನೂ ಬಿಳಿಚಿಕೊಂಡಿರುತ್ತವೆ. ದೊಡ್ಡ ಬರ್ನರಿನ ಮೇಲೆ, ಮಧ್ಯಮ ಉರಿಯಲ್ಲಿ, ಕಡಿಮೆಯೆಂದರೆ ಐದಾರು ನಿಮಿಷ ಖಾಲಿ ಹೆಂಚನ್ನು ಕಾಯಲು ಬಿಟ್ಟು, ಹಿಟ್ಟನ್ನು ಹೊರಸುತ್ತಿನಿಂದ ಹುಯ್ಯುತ್ತ ಬಂದು ಒಳಸುತ್ತಿನಲ್ಲಿ ಮುಗಿಸಿ, ಮಗುಚುವಾಗ ಒಳಸುತ್ತಿನಿಂದ ಆರಂಭಿಸಿದರೆ ಈ ವ್ಯತ್ಯಾಸ ಬಹಳಮಟ್ಟಿಗೆ ಸರಿಹೋಗುತ್ತದೆ. ಅನಂತರ ಹೆಂಚನ್ನು ಒಂದೊಂದು ಸುತ್ತಿಗೂ ಸ್ವಲ್ಪ ತಿರುಗಿಸಿಡಬೇಕು. ಗುಳಿಯ ಮುಕ್ಕಾಲು ಭಾಗ ಹಿಟ್ಟು ತುಂಬಿ, ಮುಚ್ಚಳವಿಟ್ಟು ಮೂರು ನಿಮಿಷ, ಮಗುಚಿ ಮುಚ್ಚಳವಿಲ್ಲದೆ ಎರಡು ಮೂರು ನಿಮಿಷ ಬೇಯಿಸುವುದು ನಮಗೆ ಒಗ್ಗಿದ ಲೆಕ್ಕ. ಎರಡನೆಯ ಬದಿಗೂ ಮುಚ್ಚಳವಿಟ್ಟರೆ ಕಟ್ಟಿದ ಸಿಪ್ಪೆ ಆವಿಗೆ ಮೆತ್ತಗಾಗುತ್ತದೆ.

ಹಿಟ್ಟಿನ ವಿಷಯಕ್ಕೆ ಬಂದರೆ, ಮಿಕ್ಕ ದೋಸೆಹಿಟ್ಟಿನಿಂದ ಮಾಡುವುದೇ ಹೆಚ್ಚಿನ ಮನೆಗಳ ರೂಢಿ, ಅದರಲ್ಲಿ ತಪ್ಪೇನೂ ಇಲ್ಲ. ಎರಡು ದಿನದ ತುಸು ಹುಳಿಹಿಟ್ಟು ಪಡ್ಡಿಗೆ ಹೇಳಿ ಮಾಡಿಸಿದಂತಿರುತ್ತದೆ. ಪಡ್ಡಿಗೆಂದೇ ನೆನೆಹಾಕುವುದಾದರೆ 3 ಲೋಟ ದೋಸೆ ಅಕ್ಕಿ, ಮುಕ್ಕಾಲು ಲೋಟ ಉದ್ದಿನಬೇಳೆ, 2 ದೊಡ್ಡ ಚಮಚ ಕಡಲೆಬೇಳೆ, 1 ಸಣ್ಣ ಚಮಚ ಮೆಂತ್ಯ, ರುಬ್ಬುವಾಗ ಅರ್ಧ ಲೋಟ ನೆನೆಸಿದ ಅವಲಕ್ಕಿ ಎಂಬ ಅಳತೆ ಈ ಹೆಂಚಿಗೆ ಚೆನ್ನಾಗಿ ಒದಗಿತು. ಕಡಲೆಬೇಳೆ ಮತ್ತು ಮೆಂತ್ಯ ಬಣ್ಣವನ್ನು, ಅವಲಕ್ಕಿ ಮೃದುತ್ವವನ್ನು ಕೊಡುತ್ತವೆ. ಉದ್ದನ್ನು ಹೆಚ್ಚಿಸಿದಾಗ ಪಡ್ಡು ಉಬ್ಬಿತಾದರೂ ಸಿಪ್ಪೆ ಕಟ್ಟಲಿಲ್ಲ. ಹಿಟ್ಟು ಇಡ್ಲಿಹಿಟ್ಟಿನಷ್ಟೇ ಮಂದವಾಗಿರಬೇಕು. ಸಣ್ಣಗೆ ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು, ಕೊತ್ತಂಬರಿ, ಜೀರಿಗೆ ಮತ್ತು ಉಗುರಿನಷ್ಟು ದೊಡ್ಡದಾಗಿ ಹೆಚ್ಚಿದ ಕೊಬ್ಬರಿ ಚೂರುಗಳನ್ನು ಹುಯ್ಯುವ ಸ್ವಲ್ಪ ಮೊದಲಷ್ಟೇ ಬೆರೆಸಬೇಕು. ಮೊದಲೇ ಬೆರೆಸಿಟ್ಟರೆ ಈರುಳ್ಳಿ ನೀರು ಬಿಟ್ಟು ಹಿಟ್ಟು ತೆಳುವಾಗುತ್ತದೆ. ಹುಳಿ ಬಂದ ಹಿಟ್ಟಿಗೆ ಅಡುಗೆಸೋಡಾದ ಅಗತ್ಯವೇ ಇಲ್ಲ.

ಹಿಟ್ಟು ಇಲ್ಲದ ದಿನ ಬಾಯಿ ಕೆಟ್ಟು ಏನಾದರೂ ಬೇಕೆನಿಸಿದರೆ ರವೆಯ ಪಡ್ಡು ಇದೆ. 1 ಲೋಟ ಚಿರೋಟಿ ರವೆಗೆ ಮುಕ್ಕಾಲು ಲೋಟ ಹುಳಿಮೊಸರು, ಬೇಕಾದಷ್ಟು ನೀರು ಸೇರಿಸಿ 20 ನಿಮಿಷ ನೆನೆಯಲು ಬಿಟ್ಟು, ಹುಯ್ಯುವ ಮುನ್ನ ಚಿಟಿಕೆ ಸೋಡಾ ಬೆರೆಸಿದರಾಯಿತು. ಸಾಸಿವೆ, ಉದ್ದಿನಬೇಳೆಯ ಒಗ್ಗರಣೆ ಕೊಟ್ಟರೆ ರುಚಿ ಇಮ್ಮಡಿಯಾಗುತ್ತದೆ. ಇದು ತಣ್ಣಗಾದರೆ ಗಟ್ಟಿಯಾಗುವುದರಿಂದ ಒಲೆಯ ಮುಂದೆಯೇ ತಿಂದು ಮುಗಿಸಬೇಕು.

ಪೆಟ್ಟಿಗೆಯ ಜೊತೆಗೆ ಬಂದ ಕಿರುಹೊತ್ತಗೆಯು ಈ ಹೆಂಚಿನಲ್ಲಿ ಎಣ್ಣೆಯಿಲ್ಲದೆ ಮಸಾಲೆ ವಡೆ ಮಾಡಬಹುದು ಎಂದು ಆಸೆ ಹುಟ್ಟಿಸುತ್ತದೆ. ಕಡಲೆಬೇಳೆಯನ್ನು ತರಿತರಿಯಾಗಿ ರುಬ್ಬಿ, ಸಬ್ಬಸಿಗೆ ಸೊಪ್ಪು, ಶುಂಠಿ, ಈರುಳ್ಳಿ ಸೇರಿಸಿ ಉಂಡೆ ಮಾಡಿ ಗುಳಿಗಿಟ್ಟು ನೋಡಿದೆ. ಸಣ್ಣ ಉರಿಯಲ್ಲಿ 12 ನಿಮಿಷ ಬೇಯಿಸಿದ ಮೇಲೆ ಬಂದದ್ದು ವಡೆಯಲ್ಲ, ವಡೆಯ ದಾಯಾದಿ. ರುಚಿಯಾಗಿತ್ತು, ಆದರೆ ಗರಿಗರಿಯಾಗಿರಲಿಲ್ಲ. ಬಾಣಲೆಯಿಂದ ಎದ್ದ ವಡೆಯನ್ನು ಬಲ್ಲವರು ಇದನ್ನು ಆ ಹೆಸರಿನಿಂದ ಕರೆಯಲು ಒಪ್ಪಲಾರರು. ಬಾಳೆಹಣ್ಣಿನ ಅಪ್ಪದ ಮಾತು ಬೇರೆ. ಚೆನ್ನಾಗಿ ಕಳಿತ 2 ಪಚ್ಚಬಾಳೆಹಣ್ಣು, ಅರ್ಧ ಲೋಟ ಬೆಲ್ಲದ ಪುಡಿ, ಹಿಡಿಯುವಷ್ಟು ಗೋಧಿಹಿಟ್ಟು, 2 ಚಮಚ ಅಕ್ಕಿಹಿಟ್ಟು, ಎಳ್ಳು, ಏಲಕ್ಕಿ ಕಲಸಿ, ಗುಳಿಗೆ ಅರ್ಧ ಚಮಚ ತುಪ್ಪ ಬಿಟ್ಟು ಸಣ್ಣ ಉರಿಯಲ್ಲಿ ಬೇಯಿಸಿದಾಗ ಅಂಚಿನಲ್ಲಿ ಬೆಲ್ಲ ಕಂದುಬಣ್ಣಕ್ಕೆ ತಿರುಗಿ ಬರುವ ಪರಿಮಳಕ್ಕೆ ಪಕ್ಕದ ಮನೆಯ ಮಗು ಬಾಗಿಲಿಗೆ ಬಂದು ನಿಂತಿತ್ತು.

ನಾಲ್ಕು ಜನ ಅತಿಥಿಗಳು ಬಂದರೆ ಈ ಹೆಂಚು ನಿಭಾಯಿಸುತ್ತದೆಯೇ ಎಂಬುದು ಕೊಳ್ಳುವ ಮುನ್ನ ನನಗಿದ್ದ ಪ್ರಶ್ನೆ. ತಲೆಗೆ ಎಂಟರಂತೆ 32 ಪಡ್ಡು ಬೇಕಾಗುತ್ತದೆ. 12 ಗುಳಿಯಲ್ಲಿ ಮೂರು ಸುತ್ತು, ಅಂದರೆ ಹೆಂಚು ಕಾದ ಮೇಲೆ ಸುಮಾರು 20 ನಿಮಿಷ ಸಾಕು. ಹಿಂದಿನ 7 ಗುಳಿಯದರಲ್ಲಿ ಇದಕ್ಕೆ ಐದು ಸುತ್ತು ಹಿಡಿಯುತ್ತಿತ್ತು, ಬಂದವರೊಡನೆ ಮಾತಾಡುವ ಯೋಗ ನನಗಿರಲಿಲ್ಲ. ಮಾಡಿದ್ದನ್ನು ಹಾಟ್‌ಬಾಕ್ಸಿನಲ್ಲಿ ಮುಚ್ಚಿಡುವುದು ಮಾತ್ರ ಬೇಡ, ಹತ್ತು ನಿಮಿಷದಲ್ಲಿ ಬೆವೆತು ಮೆತ್ತಗಾಗುತ್ತವೆ. ತಂತಿಯ ಜಾಲರಿಯ ಮೇಲೆ ಹರಡಿಟ್ಟು, ಬಡಿಸುವ ಮೊದಲು ಬಿಸಿ ಗುಳಿಗೆ ಒಂದು ನಿಮಿಷ ಇಳಿಬಿಟ್ಟರೆ ಸಿಪ್ಪೆ ಮರಳಿ ಬರುತ್ತದೆ. ಜೊತೆಗೆ ಹುರಿಗಡಲೆ ಹಾಕಿದ ಕಾಯಿಚಟ್ನಿಯಿದ್ದರೆ ಸಾಕು; ನಮ್ಮ ಮನೆಯಲ್ಲಿ ಕೆಂಪುಮೆಣಸಿನಕಾಯಿ, ಬೆಳ್ಳುಳ್ಳಿಯ ಶೇಂಗಾ ಚಟ್ನಿಗೆ ಹೆಚ್ಚು ಮತ ಬೀಳುತ್ತದೆ.

ಇನ್ನು ಕೊರತೆಗಳು. ಎರಡೂ ಕಡೆಯ ಹಿಡಿಗಳು ಕಬ್ಬಿಣದವೇ ಆಗಿರುವುದರಿಂದ ಮಸಿಬಟ್ಟೆಯಿಲ್ಲದೆ ಮುಟ್ಟುವಂತಿಲ್ಲ, ಮತ್ತು ಮೂರು ಕಿಲೋ ಹತ್ತಿರದ ತೂಕವನ್ನು ಬಿಸಿಯಾಗಿರುವಾಗ ಎತ್ತಿಡುವುದು ಮಣಿಕಟ್ಟು ನೋವಿರುವವರಿಗೆ, ವಯಸ್ಸಾದವರಿಗೆ ಸಾಧ್ಯವಾಗುವ ಕೆಲಸವಲ್ಲ. ನನ್ನ ಅತ್ತೆಯವರು ಒಮ್ಮೆ ಎತ್ತಿ ನೋಡಿ, ಇದು ನಿನಗೇ ಇರಲಿ ಎಂದುಬಿಟ್ಟರು. ಕೆಳಭಾಗವೂ ಗುಳಿಗಳಂತೆಯೇ ಉಬ್ಬುತಗ್ಗಾಗಿರುವುದರಿಂದ ಇಂಡಕ್ಷನ್ ಒಲೆಯ ಮೇಲೆ ಇದು ಸರಿಯಾಗಿ ಕೂರುವುದೂ ಇಲ್ಲ, ಕಾಯುವುದೂ ಇಲ್ಲ. ಇಂಡಕ್ಷನ್ ಮಾತ್ರ ಇರುವವರು ತಳ ಸಮತಟ್ಟಾಗಿರುವುದನ್ನೇ ಹುಡುಕಬೇಕು. ಗಾಜಿನ ಮುಚ್ಚಳ ಹೆಂಚಿಗಿಂತ ಕಾಲು ಅಂಗುಲ ಚಿಕ್ಕದು, ಅದರ ಗುಂಡಿ ಎರಡನೆಯ ತಿಂಗಳಲ್ಲೇ ಸಡಿಲವಾಯಿತು. ಈಗ ಅನ್ನದ ತಪ್ಪಲೆಯ ಸ್ಟೀಲಿನ ತಟ್ಟೆ ಮುಚ್ಚುತ್ತೇನೆ. ಮರದ ಕಡ್ಡಿ ತೀರ ದಪ್ಪ. ನಮ್ಮಮ್ಮ ಹಳೆಯ ಕೊಡೆಯ ಕಡ್ಡಿಯೊಂದನ್ನು ತಿಕ್ಕಿ ತೊಳೆದು ಇದಕ್ಕೆಂದೇ ಇಟ್ಟುಕೊಂಡಿದ್ದರು, ಅಷ್ಟು ಸಪೂರವಾಗಿದ್ದರೆ ಪಡ್ಡಿನ ಅಂಚಿಗೆ ನೋವಾಗದಂತೆ ಇಳಿಯುತ್ತದೆ. ಮಳೆಗಾಲದಲ್ಲಿ ಹತ್ತು ದಿನ ಊರಿಗೆ ಹೋಗಿ ಬರುವಷ್ಟರಲ್ಲಿ ಎರಡು ಗುಳಿಗಳಲ್ಲಿ ತುಕ್ಕು ಕಾಣಿಸಿಕೊಂಡಿತ್ತು; ತಪ್ಪು ನನ್ನದೇ, ತೊಳೆದ ಮೇಲೆ ಒಲೆಯಲ್ಲಿ ಆರಿಸಿ ಎಣ್ಣೆ ಸವರುವುದನ್ನು ಮರೆತಿದ್ದೆ. ಹುಣಸೆಹಣ್ಣಿನಿಂದ ತಿಕ್ಕಿ ಬೆಳಗುವ ಅಭ್ಯಾಸವಿರುವವರು ಈ ಹೆಂಚಿನಿಂದ ದೂರವಿರಬೇಕು, ಹುಳಿಯು ಪಳಗಿದ ಪದರವನ್ನೇ ಕಿತ್ತುಹಾಕುತ್ತದೆ.

ವಾರಕ್ಕೊಮ್ಮೆಯೂ ಪಡ್ಡು ಮಾಡದ ಮನೆಗೆ ಇದನ್ನು ನಾನು ಶಿಫಾರಸು ಮಾಡುವುದಿಲ್ಲ. ಅಂತಹವರಿಗೆ ದಪ್ಪ ಅಲ್ಯೂಮಿನಿಯಂನದು ಅರ್ಧ ಬೆಲೆಗೆ ಸಿಗುತ್ತದೆ, ಹಗುರವಾಗಿರುತ್ತದೆ, ಬೇಗ ಕಾಯುತ್ತದೆ. ನಾನ್‌ಸ್ಟಿಕ್ ಬಳಸುವವರು ಖಾಲಿ ಹೆಂಚನ್ನು ದೊಡ್ಡ ಉರಿಯಲ್ಲಿ ಮರೆತುಬಿಡಬಾರದು, ಏಕೆಂದರೆ ಆ ಲೇಪನವು ಸುಮಾರು 260 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕೆಡಲಾರಂಭಿಸುತ್ತದೆ. ಬಳಪದ ಕಲ್ಲಿನದು ಎರಕದ ಕಬ್ಬಿಣಕ್ಕೂ ಒಳ್ಳೆಯ ಪಡ್ಡು ಕೊಡುತ್ತದೆಂದು ಗೆಳತಿಯೊಬ್ಬಳು ವಾದಿಸುತ್ತಾಳೆ. ಅವಳ ಮನೆಯಲ್ಲಿ ತಿಂದ ಪಡ್ಡನ್ನು ನೆನೆದರೆ ಎದುರಾಡಲು ಮನಸ್ಸು ಬರುವುದಿಲ್ಲ, ಆದರೆ ಅವಳ ಹೆಂಚು ಕೈಜಾರಿ ಬಿದ್ದು ಎರಡು ಹೋಳಾದದ್ದನ್ನೂ ನಾನು ಕಂಡಿದ್ದೇನೆ.

ನಮ್ಮ ಹೆಂಚಿನ 12 ಗುಳಿಗಳಲ್ಲಿ 11 ಈಗ ಕನ್ನಡಿಯಂತೆ ಕರ್ರಗೆ ಹೊಳೆಯುತ್ತವೆ. ಹೊರಸುತ್ತಿನಲ್ಲಿ ಹಿಡಿಯ ಪಕ್ಕದ ಒಂದು ಗುಳಿ ಮಾತ್ರ ಇನ್ನೂ ಹಟ ಬಿಟ್ಟಿಲ್ಲ. ಅದರಲ್ಲಿ ಬೆಂದದ್ದು ಪ್ರತಿ ಸುತ್ತಿಗೂ ಟೊಪ್ಪಿ ಕಳಚಿಕೊಂಡೇ ಮೇಲೇಳುತ್ತದೆ; ಒಲೆಯ ಮುಂದೆ ನಿಂತವರ ಪಾಲು ಅದು ಎಂದು ಮನೆಯಲ್ಲಿ ತೀರ್ಮಾನವಾಗಿರುವುದರಿಂದ ನನಗೆ ಅದರ ಮೇಲೆ ದೂರಿಲ್ಲ.