ಕಾಳೂಗೆ ತಂದ ಎಲುಬುಗಳು, ಮತ್ತೆ ಒಂದು ರಾತ್ರಿ ಜಾಗರಣೆ

ನಮ್ಮನೆ ಕಾಳು ಊರನಾಯಿ, 4 ವರ್ಷ, ತೂಕ 18 ಕೆಜಿ, ಹಲ್ಲು ಮಾತ್ರ ಗರಗಸ. ಮಳೆ ಹಿಡಿದು ಕೋಡಿಬಾಗದ ಕಡೆ ವಾಕಿಂಗ್ ನಿಂತಿದ್ದೇ ನೋಡಿ, ಚಪ್ಪಲಿ ಆಯ್ತು, ಚಾಪೆ ಆಯ್ತು, ಕೊನೆಗೆ ಅಜ್ಜಿಯ ತುರಿಮಣೆ ಕಾಲಿಗೇ ಬಾಯಿ ಹಾಕಿದ. ಹಾಗಾಗಿ ಕಾರವಾರ ಪೇಟೆಗೆ ಹೋಗಿ ಜಗಿಯೋ ಎಲುಬು ತಂದೆ, ಒಂದಲ್ಲ ಮೂರು ಥರ.

ಮೊದಲ್ನೇದು ಎರಡೂ ತುದಿಗೆ ಗಂಟು ಹಾಕಿದ ಬಿಳೀದು, 90 ರೂಪಾಯಿ. ಎಲುಬು ಅಂತ ಹೆಸರಷ್ಟೇ, ಅದು ದನದ ಚರ್ಮದ ಒಳಪದರ, ಕೂದಲು ತೆಗ್ದು ಒಣಗಿಸಿ ಸುತ್ತಿದ್ದು, ರಾಹೈಡ್ ಅಂತಾರೆ. ಅರ್ಧ ಗಂಟೆ ಆರಾಮಾಗಿ ಜಗಿದ, ಆಮೇಲೆ ಅದು ಮಳೇಲಿ ನೆಂದ ಚಪ್ಪಲಿ ಥರ ಲೊಳಲೊಳ ಆಗಿ ಗಂಟು ಬಿಚ್ಕೊಂತು, ನಾನು "ಬಿಡೋ" ಅನ್ನೋದ್ರೊಳಗೆ ಬೆರಳುದ್ದ ತುಂಡು ಗುಳುಂ. ರಾತ್ರಿ 2 ಗಂಟೆಗೆ ಮಂಚದ ಕೆಳಗೆ ಓಕ್ ಓಕ್ ಅಂತ ಶುರು, ಲೈಟ್ ಹಾಕಿ ನೋಡಿದ್ರೆ ನುಂಗಿದ್ದಕ್ಕಿಂತ ದಪ್ಪಾಗಿ ಉಬ್ಬಿ ಹೊರಗೆ ಬಿದ್ದಿದೆ. ಬಿತ್ತಲ್ಲ, ಪುಣ್ಯ. ಕರುಳಲ್ಲಿ ಸಿಕ್ಕಾಕೊಂಡಿದ್ರೆ ಆಪರೇಷನ್ನೇ ಗತಿ ಅಂದ್ರು ಬೆಳಿಗ್ಗೆ ಡಾಕ್ಟ್ರು. ನನ್ನ ರೇಟಿಂಗ್ ಸೊನ್ನೆ.

ಎರಡ್ನೇದು ಚುರ್ಪಿ, ಹಿಮಾಲಯದ ಕಡೆ ಯಾಕ್ (ಚಮರೀಮೃಗ) ಮತ್ತೆ ದನದ ಹಾಲಿಂದ ಮಾಡೋ ಗಟ್ಟಿ ಚೀಸು, 350 ರೂಪಾಯಿ. ವಾಸನೆ ಇಲ್ಲ, ನೆಲ ಗಲೀಜಾಗಲ್ಲ, ಒಂದು ತುಂಡು ವಾರ ಬಂತು. ಆದ್ರೆ ಕಲ್ಲು ಮಾರಾಯ್ರೆ! ಡಾಕ್ಟ್ರು ಹೇಳ್ಕೊಟ್ಟ ಪರೀಕ್ಷೆ ಏನಂದ್ರೆ ಹೆಬ್ಬೆರಳ ಉಗುರು ಒತ್ತಿದ್ರೆ ಸ್ವಲ್ಪನಾದ್ರೂ ಗುರುತು ಬೀಳ್ಬೇಕು, ಬೀಳ್ಲಿಲ್ಲ ಅಂದ್ರೆ ನಾಯಿ ಹಲ್ಲಿಗೂ ಅದು ಜಾಸ್ತಿನೇ. ಮೇಲಿನ ದವಡೇಲಿ ಕಡಿಯೋಕೇ ಅಂತ ಒಂದು ದೊಡ್ಡ ಹಲ್ಲಿರ್ತದೆ, ಗಟ್ಟಿದು ಕಡಿದ್ರೆ ಆ ಹಲ್ಲೇ ಸೌದೆ ಸಿಗಿದ ಹಾಗೆ ಪಕ್ಕಕ್ಕೆ ಸೀಳಿ ಹೋಗ್ತದಂತೆ. ಚುರ್ಪಿ ಈ ಪರೀಕ್ಷೇಲಿ ಫೇಲು. ಬಿಸಾಡೋಕೆ ಮನಸ್ಸು ಬರ್ದೆ ಈಗ ರಾತ್ರಿ ನೀರಲ್ಲಿ ನೆನೆಸಿಟ್ಟು, ಮೆತ್ತಗಾದ್ರೆ ಮಾತ್ರ ಕೊಡ್ತೇನೆ. ಕೊನೇ ಹೆಬ್ಬೆರಳಷ್ಟು ತುಂಡು ನುಂಗೋ ಮೊದ್ಲೇ ಕಸ್ಕೊಂಡು ಮೈಕ್ರೋವೇವಲ್ಲಿ ಇಟ್ರೆ ಹಪ್ಪಳದ ಹಾಗೆ ಉಬ್ತದೆ, ಪೂರ್ತಿ ಆರಿದ್ಮೇಲೆ ಕರುಂಕುರುಂ.

ಮೂರ್ನೇದು ಹಾಲಿನ ಕ್ಯಾಲ್ಸಿಯಂ ಎಲುಬು. ಐದು ನಿಮಿಷಕ್ಕೆ ಖಾಲಿ, ಬಿಸ್ಕೆಟ್ಟೇ ಅಂದ್ಕೊಳ್ಳಿ. ಪ್ಯಾಕೆಟ್ ಒಡೆದು ಇಟ್ರೆ ನಮ್ಮೂರ ಮಳೆಗಾಲಕ್ಕೆ ನಾಲ್ಕೇ ದಿನದಲ್ಲಿ ಬೂಷ್ಟು, ಬಿಗಿ ಮುಚ್ಚಳದ ಡಬ್ಬ ಬೇಕೇಬೇಕು.

ಸೈಜ್ ವಿಷ್ಯಕ್ಕೆ ಬಂದ್ರೆ, ಪೂರ್ತಿ ಬಾಯೊಳಗೆ ಹೋಗೋವಂತದ್ದು ತಗೋಬೇಡಿ, ಮೂತಿಗಿಂತ ಉದ್ದ ಇರ್ಲಿ. ರವಿವಾರದ ಕೋಳಿ ಎಲುಬು ಹಾಕೋದೂ ನಿಲ್ಸಿದ್ದೇನೆ, ಬೆಂದ ಎಲುಬು ಸೂಜಿ ಥರ ಸೀಳಾಗ್ತದೆ. "ನಮ್ಮ ಕಾಲದ ನಾಯಿ ತಿಂದು ಬದುಕ್ಲಿಲ್ವಾ" ಅಂತ ಅಜ್ಜಿ ಶುರು ಮಾಡ್ತಾಳೆ, ಎಷ್ಟು ಸತ್ವು ಅಂತ ಲೆಕ್ಕ ಇಟ್ಟೋರು ಯಾರು ಹೇಳಿ.

ಈಗ ಅವನ ನಿಜವಾದ ಟ್ರೀಟು ರವಿವಾರದ ಸಂತೇಲಿ ಸಿಗ್ತದೆ, ಉಪ್ಪು ಹಾಕದೆ ಒಣಗಿಸಿದ ಸಣ್ಣ ಮೀನು. ಉಪ್ಪಿಂದು ನಾಯಿಗೆ ಬೇಡ, ಕೇಳಿ ತಗೊಳ್ಳಿ. ದಿನಕ್ಕೆ ಎರಡೇ, ಯಾಕಂದ್ರೆ ಟ್ರೀಟು ಎಲ್ಲ ಸೇರಿ ದಿನದ ಕ್ಯಾಲೊರಿಯ ಹತ್ತನೇ ಒಂದು ಭಾಗ ದಾಟ್ಬಾರ್ದು. ಹೋದ ವಾರ ನಾನು ಪೊಟ್ಟಣ ಬಿಚ್ಚೋ ಮೊದ್ಲೇ ಅಜ್ಜಿ ಅರ್ಧ ಎತ್ತಿ ಚಟ್ನಿ ಮಾಡಿ ಆಗಿತ್ತು.