ಎಂಜಿನ್‌ಎಕ್ಸ್: ಮೊದಲು ಪೋರ್ಟ್ ನೋಡುತ್ತದೆ, ಆಮೇಲೆ ಹೆಸರು

ನಾನು ನೋಡಿಕೊಳ್ಳುವ ಸೈಟ್‌ಗಳೆಲ್ಲ ಹಲವು ವರ್ಷಗಳಿಂದ ಎಂಜಿನ್‌ಎಕ್ಸ್ (nginx) ಅನ್ನುವ ವೆಬ್ ಸರ್ವರ್ ಮೇಲೇ ಓಡುತ್ತಿವೆ. ಅದರ ವೇಗದ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ, ಅದು ಬೇಡ. ನಾವು ದಿನಾ ಕೈ ಹಾಕುವುದು ಐಪಿ (ಯಂತ್ರದ ವಿಳಾಸ), ಪೋರ್ಟ್ (ಆ ವಿಳಾಸದಲ್ಲಿನ ಬಾಗಿಲಿನ ನಂಬರ್), ಡೊಮೈನ್ ಹೆಸರು, ಈ ಮೂರಕ್ಕೆ. ಅದರಲ್ಲಿ ಇದು ಹೇಗೆ ನಡೆದುಕೊಳ್ಳುತ್ತದೆ ಅಂತ ಹೇಳುತ್ತೇನೆ.

ಒಂದು ವಿಷಯ ತಲೆಗೆ ಹೋದರೆ ಅರ್ಧ ಗೊಂದಲ ಮುಗಿದ ಹಾಗೆ. ರಿಕ್ವೆಸ್ಟ್ ಯಾವ ಐಪಿಯ ಯಾವ ಪೋರ್ಟ್‌ಗೆ ಬಂತು ಅಂತ ಎಂಜಿನ್‌ಎಕ್ಸ್ ಮೊದಲು ನೋಡುತ್ತದೆ. ಅದಕ್ಕೆ ಹೊಂದುವ ಸರ್ವರ್ ಬ್ಲಾಕ್‌ಗಳಲ್ಲಿ (ಕಾನ್ಫಿಗ್ ಫೈಲ್‌ನಲ್ಲಿ ಒಂದೊಂದು ಸೈಟ್‌ಗೆ ಬರೆದ ಭಾಗಗಳಲ್ಲಿ) ಮಾತ್ರ ಆಮೇಲೆ ಹೆಸರು ಹುಡುಕುತ್ತದೆ. ಈಗ ಒಂದು ಸೈಟ್‌ಗೆ ‘ಲಿಸನ್ 192.168.1.10:80’ ಅಂತ ಬರೆದಿದ್ದೀರಿ, ಇನ್ನೊಂದಕ್ಕೆ ಐಪಿ ಹೇಳದೆ ಬರೀ ‘ಲಿಸನ್ 80’ ಅಂತಿದೆ ಅಂದುಕೊಳ್ಳಿ. ಆ ಐಪಿಗೆ ಎರಡನೇ ಸೈಟ್ ಹೆಸರಲ್ಲಿ ರಿಕ್ವೆಸ್ಟ್ ಬಂದರೂ ತೆರೆಯುವುದು ಮೊದಲನೆಯದೇ. ಡಿಎನ್‌ಎಸ್ (ಹೆಸರಿಗೆ ಐಪಿ ಹೇಳುವ ವ್ಯವಸ್ಥೆ) ಸರಿ ಇದೆ, ಹೆಸರಲ್ಲಿ ಒಂದು ಅಕ್ಷರ ತಪ್ಪಿಲ್ಲ, ಆದರೂ ಬೇರೆಯವರ ಪುಟ ಬರುತ್ತದೆ, ನೀವು ಹೆಸರನ್ನೇ ತಿರುಗಾ ಮುರುಗಾ ತಿದ್ದುತ್ತಾ ಕೂರುತ್ತೀರಿ. ಗಟ್ಟಿ ಕಾರಣ ಇಲ್ಲದೆ ಲಿಸನ್ ಸಾಲಿನಲ್ಲಿ ಐಪಿ ಹಾಕಲೇಬೇಡಿ.

ಯಾವ ಹೆಸರೂ ಹೊಂದದಿದ್ದರೆ ಆ ಪೋರ್ಟ್‌ನ ಡೀಫಾಲ್ಟ್ ಸರ್ವರ್‌ಗೆ ಹೋಗುತ್ತದೆ. ಅದನ್ನು ನೀವು ಹೇಳಿಲ್ಲ ಅಂದರೆ, ಮೊದಲು ಓದಿದ ಬ್ಲಾಕೇ ಡೀಫಾಲ್ಟ್. ಬೇರೆ ಫೈಲ್‌ಗಳನ್ನು ಸೇರಿಸುವ ಇನ್‌ಕ್ಲೂಡ್ ಸಾಲಿನಲ್ಲಿ ನಕ್ಷತ್ರ (*) ಹಾಕಿದ್ದರೆ ಫೋಲ್ಡರ್‌ನ ಫೈಲ್‌ಗಳು ಅಕ್ಷರದ ಕ್ರಮದಲ್ಲಿ ಓದಲ್ಪಡುತ್ತವೆ, ಹಾಗಾಗಿ ಯಾರ ಫೈಲ್ ಹೆಸರು ಮುಂದಿದೆಯೋ ಅವರ ಸೈಟ್ ಹೀಗೆ ಹೆಸರು ಹೊಂದದೆ ಬಂದ ಎಲ್ಲರಿಗೂ ಕಾಣುತ್ತದೆ. ಇದು ನನಗೆ ಇಷ್ಟವಿಲ್ಲ. ಹೊಸ ಸರ್ವರ್ ಹಾಕಿದ ಕೂಡಲೇ ಡೀಫಾಲ್ಟ್ ಅಂತ ಒಂದು ಬೇರೆ ಬ್ಲಾಕ್ ಮಾಡಿ 444 ಅನ್ನುವ ಕೋಡ್ ರಿಟರ್ನ್ ಮಾಡಿಸುತ್ತೇನೆ, ಉತ್ತರ ಕೊಡದೆ ಕನೆಕ್ಷನ್ ಮುಚ್ಚಿಬಿಡುತ್ತದೆ. ಎಚ್‌ಟಿಟಿಪಿಎಸ್‌ನ ಪೋರ್ಟ್ 443ರಲ್ಲಿ ಹ್ಯಾಂಡ್‌ಶೇಕನ್ನೇ (ಸುರಕ್ಷಿತ ಸಂಪರ್ಕ ಶುರು ಮಾಡುವ ಮಾತುಕತೆಯನ್ನೇ) ತಿರಸ್ಕರಿಸುವ ಸೆಟ್ಟಿಂಗ್ 1.19.4 ಆವೃತ್ತಿಯಿಂದ ಇದೆ. ಅಂದಹಾಗೆ, ಸರ್ವರ್ ನೇಮ್ ಎದುರು ಅಂಡರ್‌ಸ್ಕೋರ್ ಹಾಕಿದರೆ ಎಲ್ಲವನ್ನೂ ಹಿಡಿಯುತ್ತದೆ ಅಂತ ತುಂಬ ಜನ ನಂಬಿದ್ದಾರೆ. ಅದಕ್ಕೆ ಅಂಥ ಶಕ್ತಿ ಏನೂ ಇಲ್ಲ, ಯಾವ ಡೊಮೈನಿಗೂ ಹೊಂದದ ಒಂದು ಹೆಸರು ಅಷ್ಟೇ. ಕೆಲಸ ಮಾಡುವುದು ಲಿಸನ್ ಸಾಲಿನ ಡೀಫಾಲ್ಟ್ ಸರ್ವರ್ ಅನ್ನುವ ಮಾತು.

ಕನ್ನಡದಲ್ಲೇ ಡೊಮೈನ್ ತಗೊಂಡವರು, ಅಂದರೆ ಕೊನೆಗೆ ‘.ಭಾರತ’ ಇರುವವರು, ಇದನ್ನು ಗಮನಿಸಿ. ಕಾನ್ಫಿಗ್‌ನಲ್ಲಿ ಕನ್ನಡ ಅಕ್ಷರದಲ್ಲಿ ಬರೆದರೆ ಆಗುವುದಿಲ್ಲ, ಬ್ರೌಸರ್ ಕಳಿಸುವುದು ಪ್ಯೂನಿಕೋಡ್ ರೂಪವನ್ನು, ಅಂದರೆ ‘xn--’ ಅಂತ ಶುರುವಾಗುವ ಇಂಗ್ಲಿಷ್ ಅಕ್ಷರದ ರೂಪವನ್ನು. ಅದೇ ರೂಪವನ್ನು ಇಲ್ಲೂ ಬರೆಯಬೇಕು. ಎಂಜಿನ್‌ಎಕ್ಸ್ ತಾನೇ ಬದಲಾಯಿಸಿಕೊಳ್ಳಬಹುದಿತ್ತು, ಅಲ್ವಾ?

‘ಲಿಸನ್ 80’ ಅಂದರೆ ಐಪಿವಿ4 (ಹಳೇ ಬಗೆಯ ಐಪಿ ವಿಳಾಸ) ಮಾತ್ರ. ಹೊಸ ಬಗೆಯ ಐಪಿವಿ6ಗೆ ‘[::]:80’ ಅಂತ ಇನ್ನೊಂದು ಸಾಲು ಬೇಕು. ಡಿಎನ್‌ಎಸ್‌ನಲ್ಲಿ ಐಪಿವಿ6 ವಿಳಾಸ ಕೊಟ್ಟು ಈ ಸಾಲು ಬಿಟ್ಟರೆ ಆ ದಾರಿಯಲ್ಲಿ ಬಂದವರಿಗೆ ಬಾಗಿಲು ಮುಚ್ಚಿರುತ್ತದೆ. ನಮ್ಮಲ್ಲಿ ಮೊಬೈಲ್‌ನಲ್ಲಿ ಐಪಿವಿ6 ಜಾಸ್ತಿ, ನೆನಪಿರಲಿ. ಇನ್ನು ಎಂಜಿನ್‌ಎಕ್ಸನ್ನು ಬೇರೊಂದು ಪ್ರಾಕ್ಸಿಯ (ರಿಕ್ವೆಸ್ಟ್ ಪಡೆದು ಒಳಗೆ ದಾಟಿಸುವ ಸರ್ವರ್‌ನ) ಹಿಂದೆ ಪೋರ್ಟ್ 8080ರಲ್ಲಿ ಇಟ್ಟರೆ, ಫೋಲ್ಡರ್ ವಿಳಾಸದ ಕೊನೆಗೆ ಓರೆಗೆರೆ ಬಿಟ್ಟುಹೋದಾಗ ಅದು ಮಾಡುವ ರೀಡೈರೆಕ್ಟ್‌ನಲ್ಲಿ ಆ 8080 ಸೇರಿಕೊಳ್ಳುತ್ತದೆ, ಹೊರಗಿನವರಿಗೆ ಪುಟ ತೆರೆಯುವುದಿಲ್ಲ. ‘ಪೋರ್ಟ್ ಇನ್ ರೀಡೈರೆಕ್ಟ್’ ಆಫ್ ಮಾಡಿದರೆ ಸಾಕು.

ನನ್ನ ದೊಡ್ಡ ದೂರು ರೀಲೋಡ್ ಮೇಲೆ, ಅಂದರೆ ಸರ್ವರ್ ನಿಲ್ಲಿಸದೆ ಹೊಸ ಕಾನ್ಫಿಗ್ ಓದಿಸುವುದರ ಮೇಲೆ. ಲಿಸನ್ ಸಾಲನ್ನು ಒಂದು ಐಪಿಯಿಂದ ಎಲ್ಲಾ ಐಪಿಗೆ ಬದಲಿಸಿ ‘-ಟಿ’ ಕೊಟ್ಟು ಟೆಸ್ಟ್ ಮಾಡಿದರೆ ಎಲ್ಲಾ ಸರಿ ಅನ್ನುತ್ತದೆ. ರೀಲೋಡ್ ಕೊಟ್ಟರೂ ಟರ್ಮಿನಲ್‌ನಲ್ಲಿ ಸದ್ದಿಲ್ಲ. ಆದರೆ ಹಳೇ ಸಾಕೆಟ್ (ಆ ಐಪಿ ಮತ್ತು ಪೋರ್ಟ್ ಹಿಡಿದಿರುವ ಕೊಂಡಿ) ಇನ್ನೂ ತೆರೆದೇ ಇರುತ್ತದೆ, ಹೊಸದಕ್ಕೆ ಜಾಗ ಸಿಗುವುದಿಲ್ಲ. ‘98: ಅಡ್ರೆಸ್ ಆಲ್ರೆಡಿ ಇನ್ ಯೂಸ್’ ಅಂತ ಎರರ್ ಲಾಗ್‌ನಲ್ಲಿ ಮಾತ್ರ ಬಿದ್ದಿರುತ್ತದೆ, ಸರ್ವರ್ ಸುಮ್ನೆ ಹಳೇ ಕಾನ್ಫಿಗ್‌ನಲ್ಲೇ ಓಡುತ್ತಿರುತ್ತದೆ. ಸೈಟ್ ಬೀಳುವುದಿಲ್ಲ, ಅದು ಒಳ್ಳೆಯದೇ. ಆದರೆ ಬದಲಾವಣೆ ಆಗಿಲ್ಲ ಅಂತ ಗೊತ್ತೇ ಆಗುವುದಿಲ್ಲ. ಇಂಥ ಬದಲಾವಣೆಗೆ ಪೂರ್ತಿ ರೀಸ್ಟಾರ್ಟ್ ಕೊಡಿ, ಆಮೇಲೆ ಎಸ್‌ಎಸ್ ಕಮಾಂಡ್‌ನಲ್ಲಿ ಪೋರ್ಟ್ ಯಾರ ಕೈಲಿದೆ ನೋಡಿ. ಈ ಒಂದು ಕಾರಣಕ್ಕೇ 5ಕ್ಕೆ 4 ಕೊಡುತ್ತಿದ್ದೇನೆ.

ನಿಮ್ಮದು ಒಂದೋ ಎರಡೋ ಸೈಟ್ ಆದರೆ ಕ್ಯಾಡಿ ಅನ್ನುವ ಇನ್ನೊಂದು ವೆಬ್ ಸರ್ವರ್ ಹಾಕಿಕೊಳ್ಳಿ, ಹೆಸರು ಬರೆದರೆ ಸರ್ಟಿಫಿಕೇಟನ್ನೂ ಅದೇ ತರುತ್ತದೆ. ಒಂದೇ ಯಂತ್ರದಲ್ಲಿ ಹತ್ತಾರು ಹೆಸರು, ಹಿಂದೆ ಬೇರೆ ಬೇರೆ ಪೋರ್ಟ್‌ನಲ್ಲಿ ಆಪ್‌ಗಳು ಅಂತಿದ್ದರೆ ನಾನು ಇವತ್ತಿಗೂ ಎಂಜಿನ್‌ಎಕ್ಸನ್ನೇ ಹಾಕುತ್ತೇನೆ.